ಲ್ಯಾಪ್‌ಟಾಪಿಗೆ ಎಸ್‌ಎಸ್‌ಡಿ: ತರಿಸೋ ಮೊದಲು ಸ್ಲಾಟ್ ನೋಡಿ

ಕಾರವಾರದಿಂದ ಮಾತಾಡ್ತಾ ಇದ್ದೇನೆ. ಅಂಕೋಲಾದಲ್ಲಿರೋ ನನ್ನ ಅಕ್ಕ ಅಂಗಡಿಯವರ ಲೆಕ್ಕ ಬರೀತಾಳೆ. 20ನೇ ತಾರೀಖಿನೊಳಗೆ ಜಿಎಸ್‌ಟಿಆರ್-3ಬಿ ಹಾಕಬೇಕು, ಅವಳ ಹಳೇ ಲ್ಯಾಪ್‌ಟಾಪ್ ಆನ್ ಆಗೋದ್ರೊಳಗೆ ಚಾ ಕುಡಿದು ಮುಗೀತದೆ. ವೇಗದ್ದೇ ಇರಲಿ ಅಂತ ನಾನು ಎನ್‌ವಿಎಂಇ ಎಸ್‌ಎಸ್‌ಡಿ ತರಿಸಿದೆ. ಬಿಚ್ಚಿ ನೋಡಿದ್ರೆ ಅದನ್ನು ಕೂರಿಸೋ ಎಂ.2 ಸ್ಲಾಟೇ ಇಲ್ಲ ಮಾರಾಯ್ರೆ! ತಪ್ಪು ನಂದೇ.

ಒಳಗಿದ್ದದ್ದು 2.5 ಇಂಚಿನ ಸಾಟಾ ಹಾರ್ಡ್‌ಡಿಸ್ಕ್. ನಿಮಿಷಕ್ಕೆ 5400 ಸುತ್ತು ತಿರುಗೋ ತಟ್ಟೆ, ಸೆಕೆಂಡಿಗೆ ಸುಮಾರು 100 ಎಂಬಿ ಓದ್ತದೆ. ಅದೇ ಜಾಗಕ್ಕೆ ಸಾಟಾ ಎಸ್‌ಎಸ್‌ಡಿ ಹಾಕಿದ್ರೆ 500 ದಾಟ್ತದೆ. ಎನ್‌ವಿಎಂಇ 3000ವನ್ನೂ ದಾಟಬಹುದು, ಆದ್ರೆ ಸ್ಲಾಟ್ ಬೇಕಲ್ಲ? ಎಂ.2 ಸ್ಲಾಟ್ ಕಂಡ್ರೂ ನಂಬಬೇಡಿ, ಕೆಲವದ್ರಲ್ಲಿ ಸಾಟಾ ಮಾತ್ರ ನಡೀತದೆ. ಲ್ಯಾಪ್‌ಟಾಪಿನ ಅಡಿಯಲ್ಲಿರೋ ಮಾಡೆಲ್ ನಂಬರ್ ಹಿಡಿದು ಕಂಪನಿಯ ಸರ್ವಿಸ್ ಮ್ಯಾನುವಲ್ ನೋಡಿ. ದಪ್ಪನೂ ನೋಡಿ: 9.5 ಎಂಎಂ ಜಾಗದಲ್ಲಿ 7 ಎಂಎಂ ಡ್ರೈವ್ ಕೂರ್ತದೆ, 7ರ ಜಾಗದಲ್ಲಿ 9.5 ಕೂರೋದಿಲ್ಲ.

ಬಿಚ್ಚೋ ಮೊದಲೇ ಲೆಕ್ಕದ ಫೈಲೆಲ್ಲ ಪೆನ್‌ಡ್ರೈವ್‌ಗೆ ಹಾಕ್ಕೊಂಡಿದ್ವಿ. 18ಕ್ಕೆ ಸಾಟಾದ್ದು ಬಂತು, 19ಕ್ಕೆ ರಿಟರ್ನ್ ಹೋಯ್ತು. ನನ್ನ ಎನ್‌ವಿಎಂಇ ಇನ್ನೂ ಡಬ್ಬಿಯಲ್ಲೇ ಇದೆ.