ವಾರಕ್ಕೊಂದೇ ಲೀಗ್ ಮ್ಯಾಚು: ಹ್ಯಾಟ್ರಿಕ್‌ಗೆ ಹೊಸಬರಾ?

ಬಟನ್ ಒತ್ತಿ ಗೋಲ್ ಹೊಡೆಯೋ ಆಟ ಅಂದ್ಕೊಂಡು ಹ್ಯಾಟ್ರಿಕ್‌ಗೆ ಬಂದ್ರೆ ಮೊದಲ ದಿನವೇ ನಿರಾಸೆ. ಇಲ್ಲಿ ನೀವು ತಂಡದ ಮ್ಯಾನೇಜರ್. 1997ರಲ್ಲಿ ಸ್ವೀಡನ್‌ನಲ್ಲಿ ಶುರುವಾದ ಈ ಆನ್‌ಲೈನ್ ಫುಟ್‌ಬಾಲ್‌ನಲ್ಲಿ ಲೀಗ್ ಪಂದ್ಯ ವಾರಕ್ಕೆ ಒಂದೇ. ಗುಂಪಿಗೆ 8 ತಂಡ, 14 ಪಂದ್ಯ, 16 ವಾರದ ಸೀಸನ್. ಅವಸರದವರಿಗೆ ಹೇಳಿ ಮಾಡಿಸಿದ್ದಲ್ಲ ಬಿಡಿ!

ಪಂದ್ಯ ನಡೆಯೋದು ಬಹುಪಾಲು ಅಕ್ಷರದಲ್ಲೇ. 63ನೇ ನಿಮಿಷ, ಎಡಗಡೆಯಿಂದ ದಾಳಿ, ಗೋಲ್‌ಕೀಪರ್ ತಡೆದ... ಓದ್ತಾ ಓದ್ತಾ ಎದೆ ಹೊಡ್ಕೊಳ್ಳುತ್ತೆ.

ಹೊಸಬರು ಇದ್ದಬದ್ದ ದುಡ್ಡನ್ನೆಲ್ಲ ಸ್ಟ್ರೈಕರ್ ಮೇಲೆ ಸುರೀತಾರೆ. ಆದ್ರೆ ಚೆಂಡು ಯಾರ ಹತ್ರ ಎಷ್ಟು ಹೊತ್ತು ಅನ್ನೋದನ್ನ ನಿರ್ಧರಿಸೋದು ಮಿಡ್‌ಫೀಲ್ಡ್. ಅಲ್ಲಿ ಸೋತ್ರೆ ಮುಂದೆ ನಿಂತೋನಿಗೆ ಅವಕಾಶವೇ ಕಮ್ಮಿ.

ಆಟಗಾರರನ್ನ ಕೊಳ್ಳೋದು ಹರಾಜಿನಲ್ಲಿ. ಕೊನೇ 3 ನಿಮಿಷದೊಳಗೆ ಯಾರಾದ್ರೂ ಬಿಡ್ ಕೂಗಿದ್ರೆ ಗಡುವು ಮತ್ತೆ ಮುಂದಕ್ಕೆ. ತಟ್ಟೇಲಿರೋ ಊಟ ಆರುತ್ತೆ, ಹಠ ಮಾತ್ರ ಆರಲ್ಲ.

ತರಬೇತಿ ಫಲ ಕೊಡೋದೂ ವಾರಕ್ಕೊಮ್ಮೆ. ಒಂದೇ ಕೌಶಲ ಹಿಡಿದು 17-18ರ ಹುಡುಗರನ್ನ ತಯಾರು ಮಾಡಿ. ವಯಸ್ಸಾದಷ್ಟೂ ಕಲಿಕೆ ನಿಧಾನ. ಮೊದಲ ಸೀಸನ್‌ನಲ್ಲಿ ಕಪ್ಪಿನ ಆಸೆ ಬಿಟ್ಟು ಖಜಾನೆ ಕಾಯ್ಕೊಳ್ಳಿ.