ಗಾಜಿನ ಮೇಲಿನ ಚೀಟಿ, ಚೀಟಿಯೊಳಗಿನ ತಾರೀಖು

ಹೊನ್ನೆಮರಡು ಶರಾವತಿ ಹಿನ್ನೀರಿನ ದಂಡೆಯ ಊರು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ಅಲ್ಲಿಂದ ಈ ಸೀಮೆಯಲ್ಲಿ ನೀರು ನಿಂತಿತು. ಈಗ ಆ ನೀರು ನೋಡಲು, ದೋಣಿ ನಡೆಸಲು ದೂರದ ಊರಿನವರು ಬರುತ್ತಾರೆ. ಕಾರು, ವ್ಯಾನು, ಬೈಕು ಬರುತ್ತವೆ.

ನಮ್ಮ ವಾಹನಗಳೂ ಓಡುತ್ತವೆ. ಅಡಿಕೆ ಮೂಟೆ ಹೊತ್ತ ಲಗೇಜು ಆಟೋ ಸಾಗರದ ಪೇಟೆಗೆ ಹೋಗುತ್ತದೆ. ಮನೆಯ ಬೈಕು ಸೊಸೈಟಿಗೆ, ಆಸ್ಪತ್ರೆಗೆ ಹೋಗುತ್ತದೆ. ವಾಹನ ಇದ್ದರೆ ಕಾಗದವೂ ಇರಬೇಕು. ಕಾಗದ ಸರಿ ಇಲ್ಲದಿದ್ದರೆ ದಂಡ ಬೀಳುತ್ತದೆ. ಇದು ಎಲ್ಲರಿಗೂ ಗೊತ್ತು. ಆದರೆ ಯಾವ ಚೀಟಿಯನ್ನು ಅಂಟಿಸಬೇಕು? ಯಾವ ಕಾಗದವನ್ನು ಜೊತೆಗೆ ಇಟ್ಟುಕೊಂಡರೆ ಸಾಕು? ಇದು ಬಹಳ ಜನರಿಗೆ ಗೊತ್ತಿಲ್ಲ. ಅದನ್ನು ಈ ಪಾಠದಲ್ಲಿ ತಿಳಿಯೋಣ.

ರಸ್ತೆಯಲ್ಲಿ ಒಂದು ಮಾತುಕತೆ

ಒಂದು ಲಗೇಜು ಆಟೋ ಹೋಗುತ್ತಾ ಇದೆ ಅಂದುಕೊಳ್ಳಿ. ಅಧಿಕಾರಿ ಕೈ ತೋರಿಸುತ್ತಾರೆ.

"ಗಾಡಿ ಬದಿಗೆ ಹಾಕಿ. ಎಫ್‌ಸಿ ಎಲ್ಲಿ?"

"ಗಾಜಿನ ಮೇಲೆ ಅಂಟಿಸಿದ್ದೀವಲ್ಲ ಸಾರ್."

"ಅಂಟಿಸಿದ್ದೀರಿ. ತಾರೀಖು ಓದಿದ್ರಾ? ಮುಗಿದು ಎರಡು ತಿಂಗಳಾಯ್ತು."

ಚೀಟಿ ಇತ್ತು. ಅದನ್ನು ಓದಿದವರು ಇರಲಿಲ್ಲ. ದಂಡ ಬಿತ್ತು. ಆ ದಿನದ ಬಾಡಿಗೆ ದಂಡಕ್ಕೇ ಹೋಯಿತು. ಗಾಜಿನ ಮೇಲೆ ಚೀಟಿ ಇದ್ದರೆ ಸಾಲದು. ಅದರೊಳಗಿನ ತಾರೀಖು ಜೀವಂತವಾಗಿ ಇರಬೇಕು.

ಎಫ್‌ಸಿ ಅಂದರೆ ಏನು?

ಎಫ್‌ಸಿ ಅಂದರೆ ವಾಹನ ರಸ್ತೆಗೆ ಯೋಗ್ಯವಾಗಿದೆ ಎಂಬ ಪ್ರಮಾಣಪತ್ರ. ಬ್ರೇಕು, ದೀಪ, ಹಾರನ್ನು, ಟೈರು, ಸ್ಟೇರಿಂಗು ಎಲ್ಲ ಪರೀಕ್ಷೆ ಮಾಡಿ ಇದನ್ನು ಕೊಡುತ್ತಾರೆ. ನಮ್ಮ ದೇಶದಲ್ಲಿ 1988ರ ಮೋಟಾರು ವಾಹನ ಕಾಯಿದೆ ಇದೆ. ಬಾಡಿಗೆಗೆ ಓಡುವ ವಾಹನಗಳಿಗೆ ಎಫ್‌ಸಿ ಬೇಕು ಎಂದು ಅದರ 56ನೆಯ ಕಲಂ ಹೇಳುತ್ತದೆ.

ಬಾಡಿಗೆ ವಾಹನವನ್ನು ಗುರುತಿಸುವುದು ಸುಲಭ. ಹಳದಿ ಬೋರ್ಡು, ಕಪ್ಪು ಅಕ್ಷರ. ಸ್ವಂತ ಬಳಕೆಯ ವಾಹನಕ್ಕೆ ಬಿಳಿ ಬೋರ್ಡು, ಕಪ್ಪು ಅಕ್ಷರ. ಬೋರ್ಡಿನಲ್ಲಿ ಕೆಎ 15 ಅಂತ ಇದ್ದರೆ ಅದು ಸಾಗರದಲ್ಲಿ ನೋಂದಣಿಯಾದ ವಾಹನ. ಕೆಎ 14 ಇದ್ದರೆ ಶಿವಮೊಗ್ಗದ್ದು.

ಹೊಸ ಬಾಡಿಗೆ ವಾಹನಕ್ಕೆ ಮೊದಲ ಎಫ್‌ಸಿ 2 ವರ್ಷಕ್ಕೆ ಸಿಗುತ್ತದೆ. ವಾಹನಕ್ಕೆ 8 ವರ್ಷ ಆಗುವವರೆಗೆ 2 ವರ್ಷಕ್ಕೊಮ್ಮೆ ಹೊಸದು ಮಾಡಿಸಬೇಕು. 8 ವರ್ಷ ದಾಟಿದ ಮೇಲೆ ಪ್ರತಿ ವರ್ಷ ಮಾಡಿಸಬೇಕು. 2018ರಲ್ಲಿ ನಿಯಮ ಹೀಗೆ ಬದಲಾಯಿತು.

ಬಿಳಿ ಬೋರ್ಡಿನ ವಾಹನಕ್ಕೆ ಹೀಗಿಲ್ಲ. ಅದರ ನೋಂದಣಿ 15 ವರ್ಷ ನಡೆಯುತ್ತದೆ. ಆಮೇಲೆ ಪರೀಕ್ಷೆ ಮಾಡಿಸಿ 5 ವರ್ಷಕ್ಕೊಮ್ಮೆ ಹೊಸದು ಮಾಡಿಸಬೇಕು. ಅಪ್ಪನ ಕಾಲದ ಸ್ಕೂಟರು ಮನೆಯಲ್ಲಿ ಇದ್ಯಾ? ಅದರ ಕಾಗದ ಈವತ್ತೇ ತೆಗೆದು ನೋಡಿ.

ಅಂಟಿಸಲೇಬೇಕಾದ ಚೀಟಿ

ಎಲ್ಲಾ ಚೀಟಿಯನ್ನೂ ಗಾಜಿಗೆ ಅಂಟಿಸಬೇಕಾಗಿಲ್ಲ. ಆದರೆ ಕೆಲವನ್ನು ಅಂಟಿಸಲೇಬೇಕು.

ಒಂದು, ನೋಂದಣಿ ಚೀಟಿ. 2019ರ ಏಪ್ರಿಲ್ 1ರಿಂದ ಹೊಸ ವಾಹನಗಳಿಗೆ ಎಚ್‌ಎಸ್‌ಆರ್‌ಪಿ ಎಂಬ ಭದ್ರತೆಯ ನಂಬರ್ ಪ್ಲೇಟು ಬರುತ್ತದೆ. ಕಾರು, ಲಾರಿಗಳಿಗೆ ಪ್ಲೇಟಿನ ಜೊತೆ ಒಂದು ಚೀಟಿಯೂ ಇರುತ್ತದೆ. ಅದನ್ನು ಮುಂದಿನ ಗಾಜಿನ ಒಳಗಡೆ, ಎಡಗಡೆಯ ಮೇಲ್ತುದಿಯಲ್ಲಿ ಅಂಟಿಸಬೇಕು. ಅದರಲ್ಲಿ ವಾಹನದ ನಂಬರು ಇರುತ್ತದೆ. ಬಣ್ಣ ನೋಡಿದರೆ ಎಣ್ಣೆ ಯಾವುದು ಅಂತ ಗೊತ್ತಾಗುತ್ತದೆ. ಪೆಟ್ರೋಲಿಗೆ ತಿಳಿ ನೀಲಿ. ಡೀಸೆಲ್ಲಿಗೆ ಕಿತ್ತಳೆ. ಕಿತ್ತರೆ ಈ ಚೀಟಿ ತಾನೇ ಹಾಳಾಗುತ್ತದೆ. ಒಂದು ವಾಹನದಿಂದ ಕಿತ್ತು ಇನ್ನೊಂದಕ್ಕೆ ಹಚ್ಚಲು ಬರುವುದಿಲ್ಲ. ಕಳ್ಳತನ ತಡೆಯಲು ಹೀಗೆ ಮಾಡಿದ್ದಾರೆ. ಹಳೆಯ ವಾಹನಗಳಿಗೂ ಈ ಪ್ಲೇಟು ಹಾಕಿಸಬೇಕು ಎಂದು ಕರ್ನಾಟಕ ಸರ್ಕಾರ 2023ರ ಆಗಸ್ಟಿನಲ್ಲಿ ಆದೇಶ ಮಾಡಿತು.

ಎರಡು, ಫಾಸ್ಟ್ಯಾಗ್. ಇದು ಟೋಲ್ ಕಟ್ಟುವ ಕಾರು, ಲಾರಿಗಳ ಚೀಟಿ. ಕೆಲವರು ಇದನ್ನು ಅಂಟಿಸದೆ ಕೈಯಲ್ಲಿ ಹಿಡಿದು ತೋರಿಸುತ್ತಿದ್ದರು. ಹಾಗೆ ಮಾಡಿದರೆ ಆ ಚೀಟಿಯನ್ನು ಕಪ್ಪು ಪಟ್ಟಿಗೆ ಸೇರಿಸುತ್ತೇವೆ ಎಂದು ಹೆದ್ದಾರಿ ಪ್ರಾಧಿಕಾರ 2025ರ ಜುಲೈನಲ್ಲಿ ಹೇಳಿತು. ಕಪ್ಪು ಪಟ್ಟಿಗೆ ಸೇರಿದ ಚೀಟಿ ಟೋಲಿನಲ್ಲಿ ನಡೆಯುವುದಿಲ್ಲ.

ಇನ್ನೊಂದು ಮಾತು. ಗಾಜಿನ ತುಂಬ ದೇವರ ಹೆಸರು, ಸಿನಿಮಾ ನಟರ ಚಿತ್ರ ಅಂಟಿಸಬಾರದು. ಮುಂದಿನ ಗಾಜಿನಲ್ಲಿ ನೂರಕ್ಕೆ 70 ಭಾಗವಾದರೂ ಬೆಳಕು ದಾಟಬೇಕು. ನಮ್ಮದು ತಿರುವು ರಸ್ತೆ. ಮಳೆಗಾಲದಲ್ಲಿ ಮಂಜೂ ಬೀಳುತ್ತದೆ. ಎದುರಿನ ದಾರಿ ಕಾಣಬೇಕು.

ಜೊತೆಗೆ ಇಟ್ಟುಕೊಳ್ಳಬೇಕಾದ ಕಾಗದ

ಆರ್‌ಸಿ, ವಿಮೆ, ಹೊಗೆ ಪರೀಕ್ಷೆಯ ಪತ್ರ, ಚಾಲಕರ ಲೈಸೆನ್ಸು. ಇವನ್ನು ಜೊತೆಗೆ ಇಟ್ಟುಕೊಂಡಿರಬೇಕು. ಕೇಳಿದಾಗ ತೋರಿಸಬೇಕು. ಹಳದಿ ಬೋರ್ಡಿನ ವಾಹನಕ್ಕೆ ಎಫ್‌ಸಿ, ಪರ್ಮಿಟ್ಟು ಕೂಡ ಸೇರುತ್ತವೆ. ಲಾರಿಯ ಮೈಮೇಲೆ ಎಫ್‌ಸಿ ತಾರೀಖು ಬರೆಸಿರುವುದನ್ನು ನೀವು ನೋಡಿರಬಹುದು. ಅದು ಜ್ಞಾಪಕಕ್ಕೆ ಒಳ್ಳೆಯದು. ಆದರೆ ಆಧಾರ ಕಾಗದವೇ ಹೊರತು ಬಣ್ಣದ ಬರಹ ಅಲ್ಲ.

ಹೊಗೆ ಪರೀಕ್ಷೆಯ ಪತ್ರ ಹೊಸ ವಾಹನಕ್ಕೆ ಮೊದಲ ಒಂದು ವರ್ಷ ಬೇಡ. ಆಮೇಲೆ ಹಳೆಯ ತರದ ವಾಹನಕ್ಕೆ 6 ತಿಂಗಳಿಗೊಮ್ಮೆ, ಹೊಸ ತರದ ವಾಹನಕ್ಕೆ ವರ್ಷಕ್ಕೊಮ್ಮೆ ಮಾಡಿಸಬೇಕು. ನಿಮ್ಮದು ಯಾವುದು ಅಂತ ಪತ್ರದ ತಾರೀಖೇ ಹೇಳುತ್ತದೆ.

ಈಗ ಮೊಬೈಲಿನಲ್ಲಿ ಡಿಜಿಲಾಕರ್, ಎಂಪರಿವಾಹನ್ ಇವೆ. ಅವುಗಳಲ್ಲಿ ಕಾಗದ ತೋರಿಸಿದರೂ ನಡೆಯುತ್ತದೆ. 2018ರಿಂದ ನಿಯಮದಲ್ಲಿ ಇದಕ್ಕೆ ಒಪ್ಪಿಗೆ ಇದೆ. ಆದರೆ ನಮ್ಮ ಕಾಡು ದಾರಿಯಲ್ಲಿ ಎಲ್ಲಾ ಕಡೆ ನೆಟ್‌ವರ್ಕು ಸಿಗುವುದಿಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಕಾಗದವೂ ಇರಲಿ.

ಇಂಗ್ಲಿಷ್ ಕಾಗದಕ್ಕೆ ಹೆದರಬೇಡಿ

ಈ ಕಾಗದಗಳಲ್ಲಿ ಬಹಳಷ್ಟು ಇಂಗ್ಲಿಷಿನಲ್ಲಿ ಇರುತ್ತವೆ. "ನಮಗೆ ಇಂಗ್ಲಿಷ್ ಬರೋದಿಲ್ಲ" ಅಂತ ಮಡಿಸಿ ಇಡಬೇಡಿ. ಅಂಕಿ ಬಂದರೆ ಸಾಕು. ಅಂಕಿ ನಮಗೆ ಬರುತ್ತದೆ.

ಕಾಗದದಲ್ಲಿ ತಾರೀಖು ಹುಡುಕಿ. ಮೊದಲು ದಿನ, ನಡುವೆ ತಿಂಗಳು, ಕೊನೆಗೆ ವರ್ಷ. 05-09-2027 ಅಂದರೆ 2027ರ ಸೆಪ್ಟೆಂಬರ್ 5. ಕಾಗದದಲ್ಲಿ ಒಂದಕ್ಕಿಂತ ಹೆಚ್ಚು ತಾರೀಖು ಇರುತ್ತವೆ. ಹಿಂದಿನದು ಕಾಗದ ಕೊಟ್ಟ ದಿನ. ಮುಂದೆ ಬರುವುದು ಮುಗಿಯುವ ದಿನ. ನಮಗೆ ಬೇಕಾದ್ದು ಮುಗಿಯುವ ದಿನ. ಅದನ್ನು ಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಹದಿನೈದು ದಿನ ಮುಂಚೆ ಇನ್ನೊಂದು ಗುರುತು ಹಾಕಿ.

ಬೇರೆ ದೇಶದಲ್ಲಿ ಹೇಗೆ?

ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ವಾಹನ ಪರೀಕ್ಷೆಯ ಚೀಟಿಯನ್ನು ಮುಂದಿನ ಗಾಜಿಗೆ ಅಂಟಿಸಬೇಕು. ಚೀಟಿ ಕಾಣದಿದ್ದರೆ ರಸ್ತೆ ಬದಿ ಸುಮ್ಮನೆ ನಿಂತ ಕಾರಿಗೂ ದಂಡದ ಚೀಟಿ ಬೀಳುತ್ತದೆ. ಬ್ರಿಟನ್ನಿನಲ್ಲಿ 1921ರಿಂದ ತೆರಿಗೆಯ ಚೀಟಿಯನ್ನು ಗಾಜಿನ ಮೇಲೆ ತೋರಿಸಬೇಕಾಗಿತ್ತು. 2014ರ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಿದರು. ವಾಹನದ ಲೆಕ್ಕವೆಲ್ಲ ಕಂಪ್ಯೂಟರಿಗೆ ಬಂದಿತ್ತು. ಚೀಟಿ ಬೇಡವಾಯಿತು.

ನಮ್ಮಲ್ಲಿ ನಿಂತ ವಾಹನಕ್ಕೆ ಸಾಮಾನ್ಯವಾಗಿ ದಂಡ ಬೀಳುವುದು ಅದು ನಿಂತ ಜಾಗಕ್ಕೆ. ಬೇರೆಯವರಿಗೆ ಅಡ್ಡಿ ಆಗುವಂತೆ, ಅಪಾಯ ಆಗುವಂತೆ ವಾಹನ ನಿಲ್ಲಿಸಬಾರದು ಎಂದು 122ನೆಯ ಕಲಂ ಹೇಳುತ್ತದೆ. ಸಾಗರದ ಮಾರಿ ಜಾತ್ರೆಗೆ, ಜೋಗಕ್ಕೆ ಹೋದಾಗ ಬೋರ್ಡು ಓದಿ ವಾಹನ ನಿಲ್ಲಿಸಿ. ನಮ್ಮ ಕಾಗದಗಳೂ ಈಗ ಕಂಪ್ಯೂಟರಿನಲ್ಲಿ ಇವೆ. ಹಳೆ ಚೀಟಿ ಅಂಟಿಸಿ ತಪ್ಪಿಸಿಕೊಳ್ಳಲು ಆಗುವುದಿಲ್ಲ.

ದಂಡಕ್ಕಿಂತ ದೊಡ್ಡ ನಷ್ಟ

ಎಫ್‌ಸಿ ಮುಗಿದ ವಾಹನ ನೋಂದಣಿಯೇ ಇಲ್ಲದ ವಾಹನಕ್ಕೆ ಸಮ. ಕಾಯಿದೆಯ ಪ್ರಕಾರ ಮೊದಲ ಸಲ 2000ದಿಂದ 5000 ರೂಪಾಯಿವರೆಗೆ ದಂಡ. ಇದು ಸಣ್ಣ ನಷ್ಟ. ದೊಡ್ಡ ನಷ್ಟ ಬೇರೆ ಇದೆ.

ಆ ವಾಹನ ಯಾರಿಗಾದರೂ ಗುದ್ದಿತು ಅಂದುಕೊಳ್ಳಿ. ಗಾಯವಾದವರಿಗೆ ಪರಿಹಾರ ಕೊಡಬೇಕು. ವಿಮೆ ಇದ್ದರೂ ಎಫ್‌ಸಿ ಇರಲಿಲ್ಲ ಎಂದು ವಿಮಾ ಕಂಪನಿ ತಕರಾರು ತೆಗೆಯಬಹುದು. ಆಗ ಹಣದ ಹೊರೆ ಮಾಲೀಕರ ತಲೆಗೇ ಬರಬಹುದು. ಅದು ಸಾವಿರದ ಲೆಕ್ಕವಲ್ಲ, ಲಕ್ಷದ ಲೆಕ್ಕ. ತೋಟ ಅಡವಿಡುವ ಹೊತ್ತು ಬರಬಹುದು. ಬ್ರೇಕು ಸರಿ ಇಲ್ಲದೆ ಒಂದು ಜೀವ ಹೋದರೆ ಯಾವ ಹಣವೂ ಅದನ್ನು ತರುವುದಿಲ್ಲ. ಪರೀಕ್ಷೆ ಇರುವುದು ಅದಕ್ಕಾಗಿ.

ದಂಡ ಹಾಕಿದರೆ ಏನು ಮಾಡಬೇಕು?

ಹೆದರಬೇಡಿ. ಜಗಳವನ್ನೂ ಆಡಬೇಡಿ. "ಯಾವ ತಪ್ಪಿಗೆ ದಂಡ ಸಾರ್?" ಅಂತ ಕೇಳಿ. ಕೇಳುವುದು ನಮ್ಮ ಹಕ್ಕು.

ಹಣ ಕೊಟ್ಟರೆ ರಶೀದಿ ಪಡೆಯಿರಿ. ಅಲ್ಲೇ ನಿಂತು ಓದಿ. ವಾಹನದ ನಂಬರು ಸರಿ ಇದೆಯೇ? ತಾರೀಖು ಸರಿ ಇದೆಯೇ? ತಪ್ಪು ಏನು ಅಂತ ಬರೆದಿದೆಯೇ? ಕೊಟ್ಟ ಹಣವೂ ಬರೆದ ಹಣವೂ ಒಂದೇ ಇದೆಯೇ? ರಶೀದಿ ಇಲ್ಲದೆ ಕೊಟ್ಟ ಹಣಕ್ಕೆ ಲೆಕ್ಕವಿಲ್ಲ.

ವಿಮೆ, ಎಫ್‌ಸಿ, ಪರ್ಮಿಟ್ಟು ಚಾಲ್ತಿಯಲ್ಲಿವೆ, ಆದರೆ ಮನೆಯಲ್ಲಿ ಉಳಿದಿವೆ ಅಂದುಕೊಳ್ಳಿ. ಸಾರಿಗೆ ಇಲಾಖೆಯ ಅಧಿಕಾರಿ ಕೇಳಿದರೆ ಅವರಿಗೆ ಹಾಗೇ ಹೇಳಿ. ಕೇಳಿದ ದಿನದಿಂದ 15 ದಿನದೊಳಗೆ ಅವುಗಳ ದೃಢೀಕರಿಸಿದ ಪ್ರತಿ ಕೊಡಲು 130ನೆಯ ಕಲಮಿನಲ್ಲಿ ಅವಕಾಶ ಇದೆ.

ದಂಡ ಸರಿಯಲ್ಲ ಅನ್ನಿಸಿದರೆ ನ್ಯಾಯಾಲಯದಲ್ಲಿ ಹೇಳಿಕೊಳ್ಳಬಹುದು. ವಕೀಲರಿಗೆ ಕೊಡಲು ಹಣ ಇಲ್ಲದವರು ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕೇಳಬಹುದು. ಅದು ತಾಲ್ಲೂಕು ನ್ಯಾಯಾಲಯದಲ್ಲಿ ಇರುತ್ತದೆ. ಹೆಂಗಸರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಬಡವರಿಗೆ ಅಲ್ಲಿ ಉಚಿತ ನೆರವು ಸಿಗುತ್ತದೆ.

ನೆನಪಿಡೋಣ

ನೋಂದಣಿ ಚೀಟಿ, ಫಾಸ್ಟ್ಯಾಗ್ ಗಾಜಿನ ಮೇಲೆ ಇರಲಿ.
ಉಳಿದ ಕಾಗದ ಜೊತೆಯಲ್ಲಿ ಇರಲಿ.
ಮುಗಿಯುವ ತಾರೀಖು ಕ್ಯಾಲೆಂಡರಿನಲ್ಲಿ ಇರಲಿ.
ದಂಡ ಕಟ್ಟಿದರೆ ರಶೀದಿ ಕೈಯಲ್ಲಿ ಇರಲಿ.

ಮಾಡಿ ನೋಡೋಣ

1. ನಿಮ್ಮ ಮನೆಯ ಅಥವಾ ನೆರೆಮನೆಯ ವಾಹನದ ಕಾಗದ ತೆಗೆಯಿರಿ. ವಿಮೆ ಮುಗಿಯುವ ದಿನ ಯಾವುದು? ಬರೆಯಿರಿ.
2. ಹೊಗೆ ಪರೀಕ್ಷೆ ಪತ್ರ ಮುಗಿಯಲು ಇನ್ನು ಎಷ್ಟು ದಿನ ಇದೆ? ಲೆಕ್ಕ ಹಾಕಿ.
3. ಹಳದಿ ಬೋರ್ಡಿಗೂ ಬಿಳಿ ಬೋರ್ಡಿಗೂ ಏನು ವ್ಯತ್ಯಾಸ? ಪಕ್ಕದವರಿಗೆ ಹೇಳಿ.
4. ನಿಮ್ಮ ಊರಿನ ವಾಹನದವರಲ್ಲಿ ಓದಲು ಬಾರದವರು ಯಾರಾದರೂ ಇದ್ದಾರೆಯೇ? ಅವರ ಕಾಗದದ ತಾರೀಖು ಓದಿ ಹೇಳಿ. ಆಮೇಲೆ ಅವರನ್ನೂ ಕಲಿಕೆಗೆ ಕರೆತನ್ನಿ.