ಹಾಲೂಡಿಸುವ ಕುರಿಯ ಆಹಾರ: ವೆಚ್ಚದ ಲೆಕ್ಕ

ಕುರಿ ಸಾಕಣೆಯಲ್ಲಿ ಬಂಡವಾಳ ತೊಡಗಿಸಿರುವವರು ಹಿಂಡಿ, ಬೂಸಾಗಳ ವೆಚ್ಚವನ್ನು ಸಾಮಾನ್ಯವಾಗಿ ಹನ್ನೆರಡು ತಿಂಗಳಿಗೂ ಸಮನಾಗಿ ಹಂಚಿಬಿಡುತ್ತಾರೆ. ಕುರಿಯ ಅಗತ್ಯವಾದರೋ ಹಾಗೆ ಸಮನಾಗಿರುವುದಿಲ್ಲ. ಈದ ಮೂರು-ನಾಲ್ಕನೆಯ ವಾರದಲ್ಲಿ ಹಾಲು ಗರಿಷ್ಠ ಮಟ್ಟ ತಲುಪಿ, ಎಂಟನೆಯ ವಾರದ ವೇಳೆಗೆ ಗಣನೀಯವಾಗಿ ಇಳಿಯುತ್ತದೆ. ಮರಿಯ ತೂಕ 1 ಕೆ.ಜಿ. ಹೆಚ್ಚಲು ಸುಮಾರು 5 ಕೆ.ಜಿ. ಹಾಲು ಬೇಕು. ಆದುದರಿಂದ ಈ ಅವಧಿಯಲ್ಲಿ ಮೇವಿನಲ್ಲಿ ಮಾಡಿದ ಉಳಿತಾಯವು ಮರಿಯ ಮಾರಾಟದಲ್ಲಿ ನಷ್ಟವಾಗಿ ಹೊರಬೀಳುತ್ತದೆ.

ತಾಯಿಯು ಮೈಕೊಬ್ಬನ್ನು ಕರಗಿಸಿ ಕೆಲಕಾಲ ಶಕ್ತಿ ಒದಗಿಸಬಲ್ಲದು. ಸಸಾರಜನಕಕ್ಕೆ ಅಂತಹ ದಾಸ್ತಾನು ಅತ್ಯಲ್ಪ. ಬೇಸಿಗೆಯಲ್ಲಿ ಒಣ ಕೂಳೆ ಮೇಯ್ದು ಬರುವ ಬಳ್ಳಾರಿ, ಡೆಕ್ಕನಿ ಕುರಿಗಳಿಗೆ ಸಂಜೆ ಶೇಂಗಾ ಹಿಂಡಿ ಸೇರಿದ ಆಹಾರ ಕೊಡುವುದು ಈ ಕಾರಣಕ್ಕಾಗಿಯೇ. ಅಗ್ಗವೆಂದು ಬೂಷ್ಟು ಹಿಡಿದ ಹಿಂಡಿ ಕೊಳ್ಳಬಾರದು. ಅವಳಿ ಮರಿಗಳ ತಾಯಿಗೆ ಪಾಲು ಹೆಚ್ಚಿರಲಿ. ಶುದ್ಧ ನೀರು ಸದಾ ಇರಲಿ, ಹಾಲಿನ ಬಹುಭಾಗ ನೀರೇ ತಾನೆ! ಎಂಟು ವಾರಗಳ ಬಳಿಕ ತಾಯಿಯ ಹಿಂಡಿಯನ್ನು ಕ್ರಮೇಣ ಕಡಿತಗೊಳಿಸಿ, ಮೇವು ಕಲಿತ ಮರಿಗೇ ಕೊಡುವುದು ಲಾಭದಾಯಕ.

ಪಶು ಆಹಾರ ತಯಾರಿಸುವ ಸದಸ್ಯರು ವಿಶೇಷವಾಗಿ ಗಮನಿಸಬೇಕಾದ ಅಂಶವೊಂದಿದೆ. ದನಗಳ ಖನಿಜ ಮಿಶ್ರಣದಲ್ಲಿರುವ ತಾಮ್ರವು ಕುರಿಯ ಯಕೃತ್ತಿನಲ್ಲಿ ಶೇಖರವಾಗಿ ಪ್ರಾಣಾಪಾಯ ತರಬಹುದು. ಅದೇ ಮಾಲನ್ನು ಬೇರೆ ಚೀಲದಲ್ಲಿ ತುಂಬಿ ಮಾರದೆ, ಕುರಿಗೆಂದೇ ಪ್ರತ್ಯೇಕ ಮಿಶ್ರಣ ತಯಾರಿಸತಕ್ಕದ್ದು.